ಕಪ್ಪು ಬಣ್ಣದ ಕೆಳಗಿನ ಮರ: ಹಳೇ ಬೇಸ್ ಗಿಟಾರ್, ಐದನೇ ವಾರ

ಹಳೇ ಬೇಸ್ ಗಿಟಾರ್‌ಗೆ ಎಣ್ಣೆ-ವಾರ್ನಿಷ್‌ನ ಮೂರನೇ ಕೋಟ್ ಇವತ್ತು ಬೆಳಿಗ್ಗೆ ಹಾಕಿದೆ. ಅದು ಒಣಗುವಷ್ಟರಲ್ಲಿ ಇಲ್ಲಿವರೆಗಿನ ಕಥೆ ಬರೆದುಬಿಡುತ್ತೇನೆ.

ಇದು 70ರ ದಶಕದ ಕೊನೆಯ ಜಪಾನಿನ ಬೇಸ್. ಆ ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳು ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬೇಸ್ ಆಕಾರದಲ್ಲಿ ರಾಶಿ ರಾಶಿ ಗಿಟಾರ್ ಮಾಡಿದವಲ್ಲ, ಆ ಪೈಕಿ ಒಂದು. ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಲೆಭಾಗ) ಮೇಲಿನ ಹೆಸರು ಅಳಿಸಿಹೋಗಿದೆ. 34 ಇಂಚು ಸ್ಕೇಲ್ (ತಂತಿ ಮಿಡಿಯುವ ಉದ್ದ), 20 ಫ್ರೆಟ್ (ಲೋಹದ ಅಡ್ಡಪಟ್ಟಿ), ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ). ಬೆಂಗಳೂರಿನ ಗಣೇಶೋತ್ಸವದ ಪೆಂಡಾಲ್‌ಗಳಲ್ಲಿ, ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ಜೊತೆ ವರ್ಷಗಟ್ಟಲೆ ನುಡಿಸಿದ ಹಿರಿಯರೊಬ್ಬರಿಂದ ಕೊಂಡೆ. ಅವರ ಕೈಗೆ ಬರುವ ಮೊದಲೇ ಯಾರೋ ಇದಕ್ಕೆ ಕಾರಿನ ಕಪ್ಪು ಬಣ್ಣ ಹೊಡೆಸಿದ್ದರಂತೆ.

ಹಾಗಿದ್ದದ್ದಕ್ಕೇ ಬಣ್ಣ ಕೀಳುವ ಧೈರ್ಯ ಮಾಡಿದೆ. ಮೂಲ ಬಣ್ಣ ಉಳಿದಿರುವ ಹಳೇ ಗಿಟಾರ್ ನಿಮ್ಮ ಹತ್ರ ಇದ್ದರೆ ದಯವಿಟ್ಟು ಮುಟ್ಟಬೇಡಿ, ಅದು ಎಷ್ಟೇ ಕಿತ್ತುಹೋಗಿರಲಿ. ಅದರಲ್ಲೂ 1965ರಲ್ಲಿ ಸಿಬಿಎಸ್ ಅನ್ನುವ ಅಮೆರಿಕದ ಕಂಪನಿ ಫೆಂಡರನ್ನು ಕೊಂಡುಕೊಳ್ಳುವ ಮುಂಚಿನ ಗಿಟಾರ್ ಆಗಿದ್ದರೆ, ಬಣ್ಣ ಕಿತ್ತ ದಿನವೇ ಅದರ ಬೆಲೆ ಬಿದ್ದುಹೋಗುತ್ತದೆ. ಬೆಲೆಗಿಂತ ಹೆಚ್ಚಾಗಿ, ಹೋದದ್ದು ಮತ್ತೆ ಬರುವುದಿಲ್ಲ.

ಮೊದಲ ವಾರ ಬಿಚ್ಚುವ ಕೆಲಸ. ವೈರಿಂಗ್‌ನ ಫೋಟೋ ತೆಗೆದಿಟ್ಟೆ. ಒಂದೊಂದು ಜಾಗದ ಸ್ಕ್ರೂ ಒಂದೊಂದು ಪೊಟ್ಟಣಕ್ಕೆ. ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ.

ಎರಡನೇ ವಾರ ಸಿಕ್ಕಿಹಾಕಿಕೊಂಡೆ. ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದರೆ ಕಪ್ಪು ಬಣ್ಣ ಕಾಡಿಗೆ ಹಾಗೆ ಕರಗಿ ಬಂತು. ಅದರ ಕೆಳಗೆ ಬಿಳಿ ಪ್ರೈಮರ್, ಪ್ರೈಮರ್ ಕೆಳಗೆ ಸನ್‌ಬರ್ಸ್ಟ್! ಅಂಚಿನಲ್ಲಿ ಕಪ್ಪು, ಆಮೇಲೆ ಕೆಂಪು, ನಡುವೆ ಜೇನಿನ ಬಣ್ಣ. ಇದು ಕಾರ್ಖಾನೆಯದೇ ಪಾಲಿಯೆಸ್ಟರ್ ಲೇಪ, ಥಿನ್ನರ್‌ಗೆ ಜಗ್ಗುವುದಿಲ್ಲ. ಇದನ್ನೇ ಉಳಿಸಿಕೊಳ್ಳಬಹುದಲ್ವಾ ಅಂತ ಕೆಲಸ ನಿಲ್ಲಿಸಿ ನಾಲ್ಕು ದಿನ ಸುಮ್ನೆ ಕೂತೆ. ನಿಜವಾಗಲೂ ಆಸೆ ಆಗಿತ್ತು. ಪೂರ್ತಿ ಒರೆಸಿದ ಮೇಲೆ ಗೊತ್ತಾಯಿತು, ಕಪ್ಪು ಬಣ್ಣ ಹಿಡಿಯಲಿ ಅಂತ ಆಗ ಒರಟು ಉಪ್ಪುಕಾಗದದಲ್ಲಿ ಜೋರಾಗಿ ತಿಕ್ಕಿದ್ದಾರೆ. ಬಲಗೈ ಊರುವ ಅಂಚು, ಹಿಂದೆ ಹೊಟ್ಟೆಗೆ ತಾಗುವ ತಗ್ಗು, ನೆಕ್‌ನ ಅಕ್ಕಪಕ್ಕ ಚಾಚಿರುವ ಎರಡೂ ಕೊಂಬಿನ ತುದಿ, ಎಲ್ಲ ಕಡೆ ಮರದವರೆಗೂ ಸವೆದಿದೆ. ಮೂರರಲ್ಲಿ ಒಂದು ಪಾಲು ಸನ್‌ಬರ್ಸ್ಟ್ ಇರಲೇ ಇಲ್ಲ. ಆಮೇಲೆಯೇ ಹೀಟ್ ಗನ್ ತೆಗೆದದ್ದು.

ಪಾಲಿಯೆಸ್ಟರ್ ಅಂದರೆ ಬಣ್ಣ ಅನ್ನುವುದಕ್ಕಿಂತ ಚಿಪ್ಪು ಅನ್ನಬೇಕು. ಕಿತ್ತ ಚೂರನ್ನು ಅಳೆದೆ, ಹೆಚ್ಚುಕಮ್ಮಿ ಮುಕ್ಕಾಲು ಮಿಲಿಮೀಟರ್ ದಪ್ಪ. ಒಂದು ಅಂಗೈ ಅಗಲದ ಜಾಗವನ್ನು ಬಿಸಿ ಮಾಡಿ, ಮೇಲ್ಮೈ ಸಣ್ಣಗೆ ಉಬ್ಬುವ ಹೊತ್ತಿಗೆ ಅಗಲದ ಪಟ್ಟಿಯನ್ನು ಕೆಳಗೆ ತೂರಿಸಿ ಎತ್ತಬೇಕು. ಹದ ಸಿಕ್ಕರೆ ಹಪ್ಪಳದಷ್ಟು ದೊಡ್ಡ ಚೂರು ಒಂದೇ ಸಲ ಏಳುತ್ತದೆ. ತಡವಾದರೆ ಮರ ಸೀಯುತ್ತದೆ. ಮೇಲಿನ ಕೊಂಬಿನ ಹತ್ತಿರ ನನಗೆ ಹಾಗೇ ಆಯಿತು, ರೂಪಾಯಿ ನಾಣ್ಯದಷ್ಟು ಕಂದು ಕಲೆ. ಈ ಕೆಲಸ ಮನೆಯೊಳಗೆ ಬೇಡವೇ ಬೇಡ. ಹೊಗೆ ಕೆಟ್ಟದ್ದು. ನಾನು ತಾರಸಿಯಲ್ಲಿ ಮಾಡಿದೆ, ಅದೂ ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡು. ಬಟ್ಟೆ ಮಾಸ್ಕ್ ಸಾಲುವುದಿಲ್ಲ.

ಒಳಗಿನ ಮರ ಸೆನ್ ಅನ್ನುವ ಜಾತಿ ಇರಬೇಕು. ನೋಡಲು ಗಿಟಾರ್‌ಗೆ ಬಳಸುವ ಆಶ್ ಮರದ ತರಹವೇ. ಜಪಾನಿನವರು ಆ ಕಾಲದಲ್ಲಿ ಆಶ್ ಬದಲು ಇದನ್ನು ತುಂಬಾ ಬಳಸಿದ್ದಾರೆ. ಮೂರು ತುಂಡು ಅಂಟಿಸಿದ ಬಾಡಿ. ನಡುವಿನ ತುಂಡಿನ ಗೆರೆಗೂ ಪಕ್ಕದವುಗಳ ಗೆರೆಗೂ ಹೊಂದುವುದಿಲ್ಲ. ಗೆರೆ ಚೆನ್ನಾಗಿರುವ ಮರವನ್ನು ನ್ಯಾಚುರಲ್‌ಗೆ (ಮರ ಕಾಣುವ ಹಾಗೆ ಬಿಡುವ ಗಿಟಾರ್‌ಗಳಿಗೆ) ಎತ್ತಿಟ್ಟು ಉಳಿದದ್ದಕ್ಕೆ ಬಣ್ಣ ಹಾಕುವುದು ಕಾರ್ಖಾನೆಗಳ ಲೆಕ್ಕಾಚಾರ, ಹಾಗಾಗಿ ಬಣ್ಣ ಕಿತ್ತರೆ ಒಳಗೆ ಏನು ಸಿಗುತ್ತದೋ ಹೇಳಲಾಗದು. ನನಗೆ ಮಾತ್ರ ಈ ಜೋಡಣೆ ಇಷ್ಟವಾಯಿತು.

ಉಪ್ಪುಕಾಗದ ಒರಟಿನಿಂದ ನಯಕ್ಕೆ: 120, 180, 220, ಆಮೇಲೆ 320 ನಂಬರ್. ಚಪ್ಪಟೆ ಜಾಗಕ್ಕೆ ಯಾವಾಗಲೂ ಮರದ ತುಂಡಿಗೆ ಸುತ್ತಿಯೇ ತಿಕ್ಕಬೇಕು. ಬರೀ ಬೆರಳಲ್ಲಿ ತಿಕ್ಕಿದರೆ ಮೆತ್ತಗಿನ ಗೆರೆ ಜಾಸ್ತಿ ಸವೆದು ಅಲೆ ಅಲೆ ಆಗುತ್ತದೆ. ನೆಕ್ ಕೂರುವ ಗುಂಡಿಯ ಗೋಡೆ ಮುಟ್ಟಲಿಲ್ಲ. ಅಲ್ಲಿ ಸಡಿಲವಾದರೆ ನೆಕ್ ಅಲುಗುತ್ತದೆ. 220 ಆದಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನಾರನ್ನು ಒಣಗಿದ ಮೇಲೆ ಮತ್ತೆ ತಿಕ್ಕಿದೆ. ಸೀದ ಕಲೆ ಅರ್ಧ ಹೋಯಿತು. ಇನ್ನೂ ತಿಕ್ಕಿದ್ದರೆ ಅಲ್ಲಿ ಹಳ್ಳ ಬೀಳುತ್ತಿತ್ತು, ಬಿಟ್ಟೆ.

ಬಲಗೈ ಊರುವ ಜಾಗದಲ್ಲಿ ಇನ್ನೊಂದು ಕಲೆ ಇದೆ. ಅಂಗೈ ಉದ್ದ, ಚಹಾ ಬಣ್ಣ. ಅಲ್ಲಿ ಚಿಪ್ಪು ಇರಲಿಲ್ಲವಲ್ಲ, ತೆಳು ಕಪ್ಪು ಬಣ್ಣ ಸವೆದು ಆ ಹಿರಿಯರ ಬೆವರು ನೇರವಾಗಿ ಮರಕ್ಕೆ ಇಳಿದಿದೆ. ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲ ಹಚ್ಚಿ ನೋಡು ಅಂದ ಒಬ್ಬ ಗೆಳೆಯ. ನಾನು ಹಚ್ಚಲಿಲ್ಲ. ಅಷ್ಟು ರಾತ್ರಿ ನುಡಿಸಿದವರ ಗುರುತು ಅದು, ಇರಲಿ.

ಮೇಲಿನ ಲೇಪಕ್ಕೆ ಮೊದಲು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದು ಅರಗೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಕರಗಿದ್ದನ್ನು ತಾಳೆಗರಿಯಿಂದ ಉಜ್ಜುತ್ತಾರೆ. ಗಿಟಾರನ್ನು ಲೇತ್‌ಗೆ ಕಟ್ಟಲಾಗದು. ಎಸ್‌ಜೆಪಿ ರಸ್ತೆಯಿಂದ ಚಕ್ಕೆ ಅರಗು ತಂದು, 60 ಗ್ರಾಂ ಅನ್ನು ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ ಕರಗಿಸಿ, ಮೇಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಬಸಿದೆ. ಮೇಣ ಉಳಿದರೆ ಮೇಲಿನ ವಾರ್ನಿಷ್ ಸರಿಯಾಗಿ ಕಚ್ಚುವುದಿಲ್ಲ. ಮಳೆ ಬಂದ ದಿನ ಹಚ್ಚಲಿಲ್ಲ, ಗಾಳಿಯ ತೇವಕ್ಕೆ ಅರಗು ಬೆಳ್ಳಗಾಗುತ್ತದೆ. ಒಂದೇ ಕೈ ಬಳಿದದ್ದು, ಒಣ ಹುಲ್ಲಿನಂತಿದ್ದ ಮರ ತುಪ್ಪದ ಬಣ್ಣಕ್ಕೆ ತಿರುಗಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಅದರ ಮೇಲೆ ಟಂಗ್ ಎಣ್ಣೆ (ಮರಕ್ಕೆ ಹಚ್ಚುವ, ಒಣಗಿ ಗಟ್ಟಿಯಾಗುವ ಎಣ್ಣೆ), ವಾರ್ನಿಷ್, ಟರ್ಪಂಟೈನ್ ಸಮಸಮ ಬೆರೆಸಿ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ, ದಿನಕ್ಕೊಂದು ತೆಳು ಕೋಟ್. ರಂಧ್ರ ತುಂಬುವ ಪುಟ್ಟಿ ಹಾಕಲಿಲ್ಲ, ಗೆರೆ ಬೆರಳಿಗೆ ಸಿಗಬೇಕು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ, ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ನಾನು ತಾರಸಿಯ ಹಗ್ಗದ ಮೇಲೆ ಬಿಡಿಸಿ ಹರವುತ್ತೇನೆ.

ಇನ್ನು ಮೂರು ಕೋಟ್, ಆಮೇಲೆ ಎರಡು ವಾರ ಮುಟ್ಟದೆ ಬಿಡುವುದು. ನೆಕ್ ಕೂರಿಸಿ ತಂತಿ ಹಾಕಿದ ಮೊದಲ ದಿನ ಆ ಹಿರಿಯರ ಮನೆಗೇ ತಗೊಂಡು ಹೋಗುತ್ತೇನೆ. ಫೋನ್ ಮಾಡಿ ಹೇಳಿದ್ದೇನೆ. ಆಂಪ್ಲಿಫೈಯರ್ ಅವರ ಹತ್ರ ಇನ್ನೂ ಇದೆಯಂತೆ.