ಅಗ್ಗದ ಮಡಚುವ ಚಾಕು: ತಯಾರಕ ಉಳಿಸಿದ್ದೆಲ್ಲಿ?

ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕುವೊಂದನ್ನು ಕಡಿಮೆ ಬೆಲೆಗೆ ಮಾರಬೇಕಾದರೆ ತಯಾರಕರು ಎಲ್ಲಾದರೂ ಒಂದು ಕಡೆ ಖರ್ಚು ಉಳಿಸಲೇಬೇಕು. ಅಲಗಿನ ಉಕ್ಕಿನಲ್ಲಿ ಉಳಿಸಿದ್ದಾರೆಯೇ, ಆ ಉಕ್ಕಿಗೆ ಹದ ಕೊಡುವುದರಲ್ಲಿ ಉಳಿಸಿದ್ದಾರೆಯೇ, ಹಿಡಿಯಲ್ಲಿಯೇ, ಕೀಲಿನಲ್ಲಿಯೇ, ಅಥವಾ ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ಬಿಗಿಯಲ್ಲಿಯೇ ಎಂಬುದನ್ನು ಪತ್ತೆ ಹಚ್ಚಿದರೆ ಅಂಥ ಚಾಕುವಿನ ಗುಣವನ್ನು ಅಳೆಯುವ ಕೆಲಸ ಬಹುಪಾಲು ಮುಗಿದಂತೆ. ದುಬಾರಿ ಚಾಕುವಿನಲ್ಲಿ ಈ ಪ್ರಶ್ನೆಗೆ ಅಷ್ಟು ಮಹತ್ವವಿಲ್ಲ. ಅಗ್ಗದ ಚಾಕುವಿನಲ್ಲಿ ಮಾತ್ರ ಇದೇ ಮುಖ್ಯ ಪ್ರಶ್ನೆ.

ಸರಿಯಾದ ಜಾಗದಲ್ಲಿ ಉಳಿಸಿದ ಚಾಕುವಿಗೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ ಫ್ರಾನ್ಸಿನ ಒಪಿನೆಲ್, ಅದರಲ್ಲಿಯೂ ಅದರ 8ನೇ ಅಳತೆ. ಆಲ್ಪ್ಸ್ ಪರ್ವತದ ಸವೊವಾ ಸೀಮೆಯಲ್ಲಿ, ಕೃಷಿಯ ಹತಾರಗಳನ್ನು ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್ ಅವರು 1890ರಲ್ಲಿ, ಇನ್ನೂ ಹದಿನೆಂಟರ ಪ್ರಾಯದಲ್ಲಿ, ಇದರ ಮೊದಲ ರೂಪವನ್ನು ತಯಾರಿಸಿದರು. 1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಗಳು ಗೊತ್ತಾದವು; ಮುಂದೆ 1 ಮತ್ತು 11ನೇ ಅಳತೆಗಳನ್ನು ಕೈಬಿಟ್ಟರು. ಅಲಗಿನ ಮೇಲೆ ಒತ್ತಿರುವ ಕಿರೀಟ ಮತ್ತು ಹಸ್ತದ ಗುರುತು ಆ ಸೀಮೆಯ ಸೇಂಟ್ ಜಾನ್ ದ ಮೊರಿಯೆನ್ ಊರಿನ ಲಾಂಛನದಿಂದ ಬಂದದ್ದು. ಅಲ್ಲಿನ ಚರ್ಚಿನಲ್ಲಿ ಸ್ನಾನಿಕ ಯೋಹಾನನ ಬೆರಳುಗಳೆಂದು ನಂಬಲಾದ ಅವಶೇಷಗಳಿವೆ. ಫ್ರಾನ್ಸಿನ ರೈತರ ಜೇಬಿನ ಈ ಚಾಕುವಿಗೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1985ರಲ್ಲಿ ಜಗತ್ತಿನ ನೂರು ಸುಂದರ ವಸ್ತುಗಳ ಸಾಲಿನಲ್ಲಿ ಜಾಗ ಕೊಟ್ಟಿತು ಎನ್ನುವುದನ್ನು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ತರಕಾರಿ ಹೆಚ್ಚುವವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಗಮನಿಸಬೇಕಾದದ್ದು ಇದರ ರಚನೆ. 8ನೇ ಅಳತೆಯ ಚಾಕುವಿನಲ್ಲಿ ಇರುವುದು ಐದೇ ಭಾಗಗಳು: ಅಲಗು, ಮರದ ಹಿಡಿ, ಒಂದು ರಿವೆಟ್, ಹಿಡಿಯ ಕೊರಳಿಗೆ ಕೂರಿಸಿದ ಲೋಹದ ಪಟ್ಟಿ ಮತ್ತು ಅದರ ಮೇಲೆ ತಿರುಗುವ ಉಂಗುರ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ, ಹಿಡಿಯ ಒಳಗೆ ಲೋಹದ ತಗಡುಗಳಿಲ್ಲ. ಒಂದೇ ತುಂಡು ಬೀಚ್ ಮರವನ್ನು ಕಡೆದು, ಗರಗಸದಿಂದ ಒಂದು ಸೀಳು ತೆಗೆದು, ಅಲಗನ್ನು ಅದರೊಳಗೆ ಸೇರಿಸಿ ರಿವೆಟ್ ಹೊಡೆದರೆ ಚಾಕು ಬಹುಮಟ್ಟಿಗೆ ಸಿದ್ಧವಾಯಿತು. ಫ್ರಾನ್ಸಿನಲ್ಲಿ ಸುಮಾರು ಹತ್ತು ಹದಿನೈದು ಯೂರೋಗೆ ಸಿಗುವ ಈ ವಸ್ತುವಿನಲ್ಲಿ ಹಿಡಿಯ ಖರ್ಚನ್ನು ಕನಿಷ್ಠಕ್ಕೆ ಇಳಿಸಿ, ಉಳಿದದ್ದನ್ನು ಅಲಗಿಗೆ ಹಾಕಿದ್ದಾರೆ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಚಾಕುವಿನಲ್ಲಿಯೂ, ಫ್ರಾನ್ಸಿನದೇ ತಿಯೇರ್ ಊರಿನ ದೂಕ್-ದೂಕ್ ಚಾಕುವಿನಲ್ಲಿಯೂ ಹಿಡಿಯೆಂದರೆ ಮಡಚಿದ ಒಂದು ತಗಡು ಮಾತ್ರ, ಬೆಲೆಯಿರುವುದೆಲ್ಲ ಅಲಗಿನಲ್ಲಿ. ಮೂರು ಬೇರೆ ಬೇರೆ ಕಡೆಯವರು ತಮ್ಮ ತಮ್ಮ ದಾರಿಯಲ್ಲಿ ನಡೆದು ಒಂದೇ ಲೆಕ್ಕಾಚಾರಕ್ಕೆ ಬಂದಿರುವುದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ.

ಇದಕ್ಕೆ ವಿರುದ್ಧವಾದ ಜಾತಿಯ ಚಾಕುಗಳು ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕಪ್ಪು ಬಣ್ಣದ ಲೇಪ, ಬೆನ್ನಿನ ಮೇಲೆ ಗರಗಸದ ಹಲ್ಲು, ಕಾರಿನ ಗಾಜು ಒಡೆಯುವ ಮೊನೆ, ಸೀಟ್ ಬೆಲ್ಟ್ ಕತ್ತರಿಸುವ ಕೊಕ್ಕೆ, ಕೆಲವದರಲ್ಲಿ ಒಂದು ಪುಟ್ಟ ಟಾರ್ಚ್ ಕೂಡ. ಕೆಲವೇ ನೂರು ರೂಪಾಯಿಗಳಲ್ಲಿ ಇಷ್ಟೆಲ್ಲವನ್ನು ಒದಗಿಸಿದ ಮೇಲೆ ಅಲಗಿನ ಪಾಲಿಗೆ ಉಳಿಯುವುದು ಬಹಳ ಕಡಿಮೆ. ಅಂಥದ್ದೊಂದು ನನ್ನ ಬಳಿಯೂ ಇದೆ. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಲು ಅಡ್ಡಿಯಿಲ್ಲ, ಒಂದು ಮಾವಿನಕಾಯಿಯನ್ನು ತೆಳ್ಳಗೆ ಹೆಚ್ಚಲು ಅದರಿಂದ ಆಗುವುದಿಲ್ಲ.

ಆಗದಿರುವುದಕ್ಕೆ ಮೊದಲ ಕಾರಣ ಅಲಗಿನ ದಪ್ಪ. ಚಾಕು ಹರಿತವಾಗಿದೆಯೇ ಎಂದು ಎಲ್ಲರೂ ನೋಡುತ್ತಾರೆ, ಹರಿತವಾದ ಅಂಚಿನ ಹಿಂದಿರುವ ಉಕ್ಕು ಎಷ್ಟು ದಪ್ಪವಾಗಿದೆ ಎಂದು ನೋಡುವವರು ಕಡಿಮೆ. ಒಪಿನೆಲ್ 8ರ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದವಿದ್ದು, ಅದರ ಬೆನ್ನು ಎರಡು ಮಿಲಿಮೀಟರಿಗಿಂತ ತೆಳ್ಳಗಿದೆ. ಬೆನ್ನಿನಿಂದ ಅಂಚಿನವರೆಗೂ ಸಣ್ಣದೊಂದು ಉಬ್ಬಿನೊಡನೆ ಒಂದೇ ಸಮನೆ ಇಳಿಯುತ್ತ ಬರುತ್ತದೆ. ನಾನು ಹೇಳಿದ ಕಪ್ಪು ಚಾಕುವಿನ ಬೆನ್ನು ಮೂರು ಮಿಲಿಮೀಟರಿಗೂ ಮೀರಿ ದಪ್ಪವಿದ್ದು, ಆ ದಪ್ಪ ಅಂಚಿನ ಹತ್ತಿರದವರೆಗೂ ಹಾಗೆಯೇ ಉಳಿದು ಕೊನೆಯಲ್ಲಿ ಇದ್ದಕ್ಕಿದ್ದಂತೆ ಇಳಿಯುತ್ತದೆ. ಅಂಥ ಅಲಗಿನ ಅಂಚನ್ನು ಎಷ್ಟೇ ಮಸೆದರೂ ಅದು ಕ್ಯಾರೆಟ್ಟಿನೊಳಗೆ ಅರ್ಧ ಇಳಿದ ಮೇಲೆ ಕತ್ತರಿಸುವುದನ್ನು ಬಿಟ್ಟು, ಕಟ್ಟಿಗೆಗೆ ಹೊಡೆದ ಬೆಣೆಯಂತೆ ಎರಡು ಹೋಳುಗಳನ್ನು ದೂಡಿ ಸೀಳತೊಡಗುತ್ತದೆ. ಅಂಗಡಿಯಲ್ಲಿ ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ಅಲಗನ್ನು ಮೊನೆಯ ಕಡೆಯಿಂದ ನೇರವಾಗಿ ಕಣ್ಣಿಗೆ ಹಿಡಿದು ನೋಡಿದರೆ ಅದು ಬೆನ್ನಿನಿಂದ ಅಂಚಿಗೆ ಹೇಗೆ ಇಳಿದಿದೆಯೆಂಬುದು ಕಾಣುತ್ತದೆ. ಎರಡು ಬೆರಳುಗಳ ನಡುವೆ ಬೆನ್ನನ್ನು ಹಿಡಿದು ಅಂಚಿನ ದಿಕ್ಕಿಗೆ ಜಾಗ್ರತೆಯಿಂದ ಸವರಿದರೆ ಉಳಿದದ್ದೂ ಗೊತ್ತಾಗುತ್ತದೆ.

ಎರಡನೆಯದು ಉಕ್ಕು. ಇಲ್ಲಿ ಮಾರುವವರ ಮಾತಿಗಿಂತ ಅವರ ಮೌನವನ್ನು ಹೆಚ್ಚು ಗಮನಿಸಬೇಕು. ಅಲಗಿನ ಮೇಲೆ 'ಸ್ಟೇನ್‌ಲೆಸ್' ಎಂದಷ್ಟೇ ಇದ್ದರೆ ಅದರಲ್ಲಿ ತುಕ್ಕನ್ನು ತಡೆಯುವ ಕ್ರೋಮಿಯಂ ಸಾಕಷ್ಟಿದೆ ಎಂದಾಯಿತೇ ಹೊರತು ಹರಿತವನ್ನು ಉಳಿಸಿಕೊಳ್ಳಲು ಬೇಕಾದ ಇಂಗಾಲ ಎಷ್ಟಿದೆಯೆಂಬುದು ತಿಳಿಯುವುದಿಲ್ಲ. ಬಹಳ ಅಗ್ಗದ ಚಾಕುಗಳಲ್ಲಿ ಬಳಸುವ 3ಸಿಆರ್13 ಎಂಬ ಚೀನೀ ಉಕ್ಕಿನಲ್ಲಿ ಇಂಗಾಲ ಶೇ. 0.3ರ ಆಸುಪಾಸಿನಲ್ಲಿರುತ್ತದೆ. 8ಸಿಆರ್13ಎಂಒವಿ ಎಂಬುದರಲ್ಲಿ ಶೇ. 0.8ರಷ್ಟಿದ್ದು, ಸಾಧಾರಣ ಬೆಲೆಯ ಚಾಕುಗಳಿಗೆ ಅದು ಒಳ್ಳೆಯ ಉಕ್ಕೇ ಆಗಿದೆ. '440' ಎಂಬ ಅಂಕಿಯನ್ನು ಮಾತ್ರ ಒತ್ತಿದ್ದರೆ ಸಂಶಯ ಪಡುವುದು ನ್ಯಾಯ, ಏಕೆಂದರೆ 440ಎ, 440ಬಿ ಮತ್ತು 440ಸಿ ಎಂಬ ಮೂರು ಬಗೆಗಳಿದ್ದು, ಮೊದಲನೆಯದರ ಇಂಗಾಲ ಶೇ. 0.6ರಿಂದ 0.75ರವರೆಗಿದ್ದರೆ ಕೊನೆಯದರದು ಶೇ. 1ರ ಸುತ್ತಮುತ್ತ ಇರುತ್ತದೆ. ನಿಜವಾಗಿ 440ಸಿ ಬಳಸಿದವರು ಆ 'ಸಿ'ಯನ್ನು ಬಿಟ್ಟುಬಿಡುವುದು ಅಪರೂಪ. ಒಪಿನೆಲ್ ತನ್ನ ಎರಡೂ ಬಗೆಯ ಅಲಗುಗಳ ಉಕ್ಕಿನ ಹೆಸರನ್ನು ಬಹಿರಂಗವಾಗಿ ಹೇಳುತ್ತದೆ. ತುಕ್ಕು ಹಿಡಿಯಬಲ್ಲ ಕಾರ್ಬನ್ ಅಲಗಿನಲ್ಲಿ ಶೇ. 0.9ರಷ್ಟು ಇಂಗಾಲವಿರುವ ಎಕ್ಸ್‌ಸಿ90, ತುಕ್ಕು ಹಿಡಿಯದ ಅಲಗಿನಲ್ಲಿ ಸ್ವೀಡನ್ನಿನ 12ಸಿ27 ಜಾತಿಯ ಉಕ್ಕು.

ಹೆಸರು ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಊರಿನ ಕುಲುಮೆಯಲ್ಲಿ ಕತ್ತಿಗೆ ಹದ ಕೊಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆಂಪಗೆ ಕಾಯಿಸಿ ತಣಿಸಿದ ಉಕ್ಕು ಗಾಜಿನಂತೆ ಗಡುಸಾಗಿ ಸುಲಭವಾಗಿ ಮುರಿಯುವಂತಿರುತ್ತದೆ. ಅದನ್ನು ಮತ್ತೆ ಹಗುರವಾಗಿ ಕಾಯಿಸಿ, ಮೇಲ್ಮೈಯಲ್ಲಿ ಒಣಹುಲ್ಲಿನ ಹಳದಿ ಬಣ್ಣ ಮೂಡಿದಾಗ ನಿಲ್ಲಿಸಿದರೆ ಗಡಸುತನ ಉಳಿದೂ ಮುರಿಯುವ ಗುಣ ಕಡಿಮೆಯಾಗುತ್ತದೆ, ನೀಲಿಯವರೆಗೆ ಬಿಟ್ಟರೆ ಉಕ್ಕು ಹರಿತಕ್ಕೆ ಬೇಕಾದುದಕ್ಕಿಂತ ಮೆತ್ತಗಾಗುತ್ತದೆ. ಕಾರ್ಖಾನೆಗಳು ಇದನ್ನೇ ಕುಲುಮೆಯ ಬದಲು ನಿಯಂತ್ರಿತ ಒಲೆಗಳಲ್ಲಿ ಮಾಡುತ್ತವೆ, ಮತ್ತು ತಯಾರಕರು ಗುಟ್ಟಾಗಿ ಉಳಿತಾಯ ಮಾಡಬಲ್ಲ ಜಾಗವೂ ಇದೇ. ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಹೇಳುವುದು ವಾಡಿಕೆ, ಅಂಕಿ ಹೆಚ್ಚಿದಷ್ಟೂ ಉಕ್ಕು ಗಡುಸು; ಸ್ವಿಟ್ಜರ್‌ಲೆಂಡಿನ ವಿಕ್ಟೊರಿನಾಕ್ಸ್ ತನ್ನ ಜೇಬುಚಾಕುವಿನ ಅಲಗಿಗೆ ಸುಮಾರು 56 ಎಂದು ಹೇಳುತ್ತದೆ, ಮತ್ತು ದಿನಬಳಕೆಯ ಅಗ್ಗದ ಚಾಕುವಿನಲ್ಲಿ ಅದಕ್ಕಿಂತ ಬಹಳ ಕೆಳಗಿರುವುದನ್ನು ನಾನು ಒಪ್ಪಲಾರೆ. ಮನೆಯಲ್ಲಿ ಗಡಸುತನ ಅಳೆಯುವ ಯಂತ್ರವಿಲ್ಲ, ಆದರೆ ಅರವಿದೆ. ಅಲಗಿನ ಬೆನ್ನಿನಲ್ಲಿ, ಕೀಲಿನ ಹತ್ತಿರ ಕಣ್ಣಿಗೆ ಬೀಳದ ಜಾಗದಲ್ಲಿ ಸಣ್ಣ ಅರವನ್ನು ಒಮ್ಮೆ ಆಡಿಸಿದರೆ, ಮೆತ್ತಗಿನ ಉಕ್ಕನ್ನು ಅದು ಸರಾಗವಾಗಿ ಕಚ್ಚಿ ಪುಡಿ ತೆಗೆಯುತ್ತದೆ, ಸರಿಯಾಗಿ ಹದಗೊಂಡದ್ದರ ಮೇಲೆ ಬಹುಪಾಲು ಜಾರುತ್ತದೆ. ಅಂಗಡಿಯವರು ಇದಕ್ಕೆ ಒಪ್ಪುವುದಿಲ್ಲವಾದ್ದರಿಂದ ಇದು ಕೊಂಡ ನಂತರದ ಪರೀಕ್ಷೆ.

ಹೊಸ ಚಾಕುವನ್ನು ಒಂದೆರಡು ದಿನ ಬಳಸಿ, ಮೊಂಡಾಯಿತೆಂದು ಎಸೆಯುವವರಿಗೆ ಇನ್ನೊಂದು ಮಾತು ಹೇಳಬೇಕು. ಕಾರ್ಖಾನೆಯಲ್ಲಿ ಅಂಚನ್ನು ಅವಸರದಿಂದ ಯಂತ್ರದ ಪಟ್ಟಿಗೆ ಹಿಡಿದಾಗ ಆ ತೆಳ್ಳಗಿನ ತುದಿ ಬಿಸಿಯಾಗಿ ಹದ ಕಳೆದುಕೊಳ್ಳುವುದುಂಟು. ಅಂಥ ಅಂಚು ಬೇಗ ಮೊಂಡಾಗುತ್ತದೆ. ಆದರೆ ಕಲ್ಲಿನ ಮೇಲೆ ನಾಲ್ಕಾರು ಸಲ ಮಸೆದು ಕೆಟ್ಟ ಪದರವನ್ನು ಕಳೆದ ಮೇಲೆ ಒಳಗಿನ ಒಳ್ಳೆಯ ಉಕ್ಕು ಸಿಕ್ಕಿ ಅದೇ ಚಾಕು ಬೇರೆಯೇ ಚಾಕುವಿನಂತೆ ನಡೆದುಕೊಳ್ಳುತ್ತದೆ. ಆದ್ದರಿಂದ ಒಂದು ಅಗ್ಗದ ಚಾಕುವಿನ ಬಗ್ಗೆ ತೀರ್ಪು ಕೊಡುವುದನ್ನು ನಾನು ಎರಡು ಮೂರು ಬಾರಿ ಮಸೆಯುವವರೆಗೆ ಮುಂದೂಡುತ್ತೇನೆ. ಮಸೆಯುವಾಗ ಅಂಚಿನ ಇನ್ನೊಂದು ಬದಿಗೆ ಏಳುವ ಸಣ್ಣ ಮುಳ್ಳು ಬೇಗ ಕಳಚಿ ಬಿದ್ದರೆ ಉಕ್ಕು ಚೆನ್ನಾಗಿದೆ. ಅದು ಬಾಗಿ ಬಾಗಿ ಆ ಬದಿಯಿಂದ ಈ ಬದಿಗೆ ಹೊರಳುತ್ತಲೇ ಇದ್ದರೆ ಉಕ್ಕು ಮೆತ್ತಗಿದೆ ಎಂದೇ ತಿಳಿಯಬೇಕು.

ಬಿಗಿಯ ವಿಷಯ ಚಿಕ್ಕದು. ಒಪಿನೆಲ್ಲಿನ ತಿರುಗುವ ಉಂಗುರ 1955ರಲ್ಲಿ ಬಂದದ್ದು. ತೆರೆದ ಅಲಗಿನ ಬುಡಕ್ಕೆ ಅದು ಅಡ್ಡ ನಿಲ್ಲುತ್ತದೆ, ಮತ್ತು 2000ದ ನಂತರ ಮಡಚಿದ ಸ್ಥಿತಿಯಲ್ಲಿಯೂ ಅಲಗನ್ನು ಹಿಡಿದಿಡುತ್ತದೆ. ಧೂಳು ಮೆತ್ತಿದರೆ ಇದು ಬಿಗಿದುಕೊಳ್ಳುತ್ತದೆ ಮತ್ತು ಎರಡೂ ಕೈಗಳಿಲ್ಲದೆ ತೆರೆಯಲಾಗದು, ಆದರೂ ಬೆರಳು ಕಾಯುವ ಕೆಲಸದಲ್ಲಿ ಅಗ್ಗದ ಚಾಕುಗಳಲ್ಲಿ ಹಿಡಿಯೊಳಗಿನ ತಗಡೊಂದು ಬಾಗಿ ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ಬಿಗಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ. ಯಾವ ಚಾಕುವಾದರೂ, ಅಲಗನ್ನು ತೆರೆದು ಬಿಗಿಗೊಳಿಸಿ, ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಹೊರಗಿಟ್ಟುಕೊಂಡು, ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಬೇಕು. ಅಷ್ಟಕ್ಕೇ ಬಿಗಿ ಜಾರಿದರೆ ಉಳಿದ ಗುಣಗಳನ್ನು ಪರಿಶೀಲಿಸುವ ಅಗತ್ಯವೇ ಇಲ್ಲ.

ಒಪಿನೆಲ್ಲಿನಲ್ಲಿ ಉಳಿತಾಯದ ಬೆಲೆ ತೆರಬೇಕಾಗುವುದು ಮರದ ಹಿಡಿಯಲ್ಲಿ, ಮತ್ತು ಮಲೆನಾಡಿನಲ್ಲಿ ವಾಸಿಸುವವರು ಅದನ್ನು ಜೂನ್ ತಿಂಗಳಿನಿಂದಲೇ ತೆರತೊಡಗುತ್ತಾರೆ. ಬೀಚ್ ಮರ ತೇವವನ್ನು ಹೀರಿ ಉಬ್ಬುತ್ತದೆ, ಸೀಳು ಕಿರಿದಾಗಿ ಅಲಗನ್ನು ಅದುಮಿ ಹಿಡಿಯುತ್ತದೆ, ಉಗುರಿನಿಂದ ಎಷ್ಟು ಎಳೆದರೂ ಅಲಗು ಹೊರಬರುವುದಿಲ್ಲ. ಸವೊವಾದವರು ಇಂಥ ಸಂದರ್ಭದಲ್ಲಿ ಹಿಡಿಯ ಹಿಂತುದಿಯನ್ನು ಗಟ್ಟಿಯಾದ ಜಾಗಕ್ಕೆ ಕುಟ್ಟಿ ಅಲಗನ್ನು ಸ್ವಲ್ಪ ಹೊರಗೆ ಚಿಮ್ಮಿಸುತ್ತಾರೆ. ನಮ್ಮ ಆಗುಂಬೆಯ ಸುತ್ತಿನ ಮಳೆಗೆ ಆ ಉಪಾಯವೊಂದೇ ಸಾಲದು. ಬೇಸಿಗೆಯಲ್ಲಿ, ಮರ ಚೆನ್ನಾಗಿ ಒಣಗಿರುವಾಗ, ಸೀಳಿನ ಒಳಬದಿಗಳನ್ನು ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ, ಅಗಸೆ ಎಣ್ಣೆಯನ್ನು ಹಲವು ಬಾರಿ ತೆಳ್ಳಗೆ ಹಚ್ಚಿ ಒಣಗಿಸಿಟ್ಟರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಆದರೆ ಅದು ಅಗಸೆ ಎಣ್ಣೆಯಂತೆ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಧೂಳನ್ನು ಮಾತ್ರ ಹಿಡಿದುಕೊಳ್ಳುತ್ತದೆ.

ಕಾರ್ಬನ್ ಅಲಗನ್ನು ಆರಿಸಿಕೊಂಡವರಿಗೆ ನಮ್ಮ ಬೆಳೆಗಳೂ ಒಂದು ಪರೀಕ್ಷೆ ಒಡ್ಡುತ್ತವೆ. ಹಸಿ ಅಡಿಕೆ, ಬಾಳೆಕಾಯಿ, ಬಾಳೆದಿಂಡುಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಸೇರಿ ಕಪ್ಪಾಗುತ್ತದೆ. ಹಿಂದೆ ಇದೇ ಕ್ರಿಯೆಯಿಂದ ಬರೆಯುವ ಮಸಿಯನ್ನು ಮಾಡುತ್ತಿದ್ದರು. ಅಲಗಿನ ಮೇಲೆ ಅದು ಬೂದುಗಪ್ಪು ಕಲೆಯಾಗಿ ನಿಲ್ಲುತ್ತದೆ, ಹೆಚ್ಚಿದ ಹೋಳಿಗೂ ಅಂಟಿಕೊಳ್ಳುತ್ತದೆ. ಕಲೆ ತುಕ್ಕಲ್ಲ, ಅದನ್ನು ಉಜ್ಜಿ ತೆಗೆಯುವ ಅಗತ್ಯವೂ ಇಲ್ಲ. ನಿಜವಾದ ತುಕ್ಕು ಬರುವುದು ಒದ್ದೆಯಾದ ಚಾಕುವನ್ನು ಹಾಗೆಯೇ ಮಡಚಿಟ್ಟಾಗ. ಕರಾವಳಿಯ ಉಪ್ಪುಗಾಳಿಯಲ್ಲಿರುವವರು ಈ ಗೊಡವೆಗೆ ಹೋಗದೆ ತುಕ್ಕು ಹಿಡಿಯದ ಅಲಗನ್ನೇ ಕೊಳ್ಳುವುದು ಮೇಲು. ಹರಿತದಲ್ಲಿ ಆಗುವ ವ್ಯತ್ಯಾಸ ಮನೆಗೆಲಸದಲ್ಲಿ ಗಮನಕ್ಕೆ ಬರುವಷ್ಟಿಲ್ಲ.

ಕಾನೂನಿನ ಪ್ರಶ್ನೆಯನ್ನೂ ಕೆಲವರು ಕೇಳುತ್ತಾರೆ. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳ ಬಗ್ಗೆ ಮಾತನಾಡುತ್ತದೆ, ಮತ್ತು ಈ ಚಾಕುವಿನ ಅಲಗು ಅದರ ಅರ್ಧದಷ್ಟೂ ಇಲ್ಲ. ಹಾಗೆಂದು ವಿಮಾನದ ಕೈಚೀಲದಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ.

ಇನ್ನು ಬೆಲೆಗೆ ತಕ್ಕ ವಸ್ತುವೇ ಎಂಬ ಮಾತು. ಫ್ರಾನ್ಸಿನ ಬೆಲೆಯಲ್ಲಿ ಒಪಿನೆಲ್ 8 ಅಗ್ಗವೇ ಹೌದು. ಆಮದು ಸುಂಕ, ಸಾಗಣೆ ಮತ್ತು ಮಾರುವವರ ಲಾಭಗಳು ಸೇರಿ ಇಲ್ಲಿಗೆ ತಲುಪುವಾಗ ಆ ಮಾತನ್ನು ಅಷ್ಟೇ ಖಚಿತವಾಗಿ ಹೇಳಲಾಗುವುದಿಲ್ಲ. ಅಡುಗೆಮನೆಯಿಂದ ಹೊರಗೆ ಹೋಗದ ಚಾಕುವಾದರೆ ಮಡಚುವ ಅನುಕೂಲಕ್ಕೆ ಹಣ ಕೊಡುವುದೇ ವ್ಯರ್ಥ. ಅದೇ ಮೊತ್ತಕ್ಕೆ ತೆಳ್ಳಗಿನ ಅಲಗಿನ ಒಂದು ಸಾದಾ ಚಾಕುವೂ ಎರಡು ಬದಿಯ ಮಸೆಗಲ್ಲೂ ಸಿಗುತ್ತವೆ. ತೋಟಕ್ಕೆ, ಪ್ರಯಾಣಕ್ಕೆ, ಚಾರಣಕ್ಕೆ ಜೇಬಿನಲ್ಲಿ ಒಯ್ಯಬೇಕೆಂದಿದ್ದರೆ ಐವತ್ತು ಗ್ರಾಂ ಕೂಡ ತೂಗದ ಈ ಚಾಕುವಿಗೆ ಅದರ ಫ್ರೆಂಚ್ ಬೆಲೆಯ ಒಂದೂವರೆ ಪಟ್ಟಿನವರೆಗೆ ನಾನು ಕೊಡಲು ಸಿದ್ಧ. ಮಾರುವವರು ಅದಕ್ಕಿಂತ ಹೆಚ್ಚು ಕೇಳಿದರೆ ಯಾರಾದರೂ ಯೂರೋಪಿನಿಂದ ಊರಿಗೆ ಬರುವವರಿಗೆ ಹೇಳಿ, ಲಗೇಜಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ತರಿಸುತ್ತೇನೆ.