ಚಪ್ಪಲಿ ಲೆಕ್ಕ ಬಿಟ್ಟು ಬೇರೆ ಏನಾದ್ರೂ ಮಾತಾಡೋಣ

ನಮ್ ತುಮಕೂರು ಕಡೆ ಯಾವ ಲೀಡರ್ ಹಾಳಾದ್ರೂ ಒಂದೇ ಮಾತು, ಅವ್ನು ಒಳ್ಳೇವ್ನೇ ಕಣಪ್ಪ, ಹೆಂಡ್ತಿ ಕೆಡಿಸಿದ್ಲು ಅಂತ. ಎಲ್ಲಾದಕ್ಕೂ ಒಬ್ಳು ಕೈಕೇಯಿ ಬೇಕು. ಫಿಲಿಪೈನ್ಸ್ ಸರ್ವಾಧಿಕಾರಿ ಮಾರ್ಕೋಸ್ ವಿಷಯದಲ್ಲೂ ಹೆಂಡ್ತಿ ಇಮೆಲ್ಡಾ ಚಪ್ಪಲಿ ರಾಶಿ ಒಂದೇ ಜನಕ್ಕೆ ನೆನಪು, 1972ರಲ್ಲಿ ಮಾರ್ಷಲ್ ಲಾ (ಮಿಲಿಟರಿ ಕಾನೂನು) ಹಾಕಿದ್ದು ಗಂಡ ಅನ್ನೋದು ಮರ್ತೇ ಹೋಗಿದೆ. ಹಂಗಂತ ಅವಳೇನು ಪಾಪದವಳಲ್ಲ, 1975ರಲ್ಲಿ ಗಂಡ ರಾಜಧಾನಿ ಪ್ರದೇಶ ಮೆಟ್ರೋ ಮನಿಲಾಕ್ಕೆ ಗವರ್ನರ್ ಮಾಡ್ದ, 1978ರಲ್ಲಿ ಮಂತ್ರೀನೂ ಆದ್ಲು.

ನನಗೆ ಕೇಳಿದ್ರೆ ಇಂಥ ಹೆಂಡ್ತೀರಲ್ಲೆಲ್ಲಾ ಗಟ್ಟಿ ಕೇಸು ಅಂದ್ರೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಸೆಸ್ಕು ಹೆಂಡ್ತಿ ಎಲೆನಾ. ಸ್ಕೂಲೇ ಪೂರ್ತಿ ಓದ್ದೇ ಇದ್ದೋಳಿಗೆ 1967ರಲ್ಲಿ ಕೆಮಿಸ್ಟ್ರಿಲಿ ಡಾಕ್ಟರೇಟ್, ಬೇರೆಯವ್ರು ಬರೆದ ಪೇಪರ್‌ಗೆ ಇವಳ ಹೆಸ್ರು, ದೊಡ್ಡ ವಿಜ್ಞಾನಿ ಅಂತ ದೇಶ ಪೂರ್ತಿ ಹೊಗಳಿದ್ದೇ ಹೊಗಳಿದ್ದು. ಇದು ನಗೋ ವಿಷಯ ಬಿಡಿ, ನಗಲಾರದ್ದು ಇನ್ನೊಂದಿದೆ. 1979ರಲ್ಲಿ ಪಾರ್ಟಿಯ ಕೇಡರ್ ಕಮಿಷನ್ ಇವಳ ಕೈಗೆ ಬಂತು, ಅಂದ್ರೆ ಯಾರಿಗೆ ಪೋಸ್ಟಿಂಗ್, ಯಾರಿಗೆ ಪ್ರಮೋಷನ್, ಯಾರನ್ನ ಎತ್ತಂಗಡಿ ಮಾಡ್ಬೇಕು ಅನ್ನೋದೆಲ್ಲಾ. ಟ್ರಾನ್ಸ್‌ಫರ್ ಫೈಲ್ ಯಾರ ಹತ್ರ ಇದ್ರೆ ಅವರದೇ ಆಫೀಸು ಅಂತ ನಮ್ಮೋರಿಗೆ ಬಿಡಿಸಿ ಹೇಳ್ಬೇಕಾ. ಮುಂದಿನ ವರ್ಷ ಮೊದಲ ಉಪಪ್ರಧಾನಿ ಬೇರೆ.

ಅಧಿಕಾರ ಕೊಡೋದು ಹೆಂಡ್ತಿಗೇ ಯಾಕೆ ಅಂದ್ರೆ, ಸರ್ವಾಧಿಕಾರಿಗೆ ಮಿಲಿಟರಿ ಮೇಲೂ ಡೌಟು, ಪಾರ್ಟಿಯವ್ರ ಮೇಲೂ ಡೌಟು, ಕುರ್ಚಿಗೆ ಕಣ್ಣು ಹಾಕದೇ ಇರೋಳು ಮನೆಯಲ್ಲಿ ಇರೋಳು ಒಬ್ಳೇ, ಯಾಕಂದ್ರೆ ಅವನು ಬಿದ್ರೆ ಇವಳೂ ಬಿದ್ದಂಗೆ. ಹಂಗೇ ಆಯ್ತು, 1989ರ ಡಿಸೆಂಬರ್ 25ಕ್ಕೆ ಚೌಸೆಸ್ಕು, ಎಲೆನಾ ಇಬ್ಬರನ್ನೂ ಒಟ್ಟಿಗೇ ಗುಂಡಿಟ್ಟು ಕೊಂದ್ರು. ಚೀನಾದಲ್ಲೂ ಅಷ್ಟೇ, ಮಾವೋ ಸತ್ತಿದ್ದು 1976ರ ಸೆಪ್ಟೆಂಬರ್, ಅಕ್ಟೋಬರ್‌ಗೆ ಹೆಂಡ್ತಿ ಜಿಯಾಂಗ್ ಚಿಂಗ್ ಅರೆಸ್ಟ್. ಕೋರ್ಟಲ್ಲಿ ಆಕೆ, ನಾನು ಅಧ್ಯಕ್ಷರ ನಾಯಿ, ಕಚ್ಚು ಅಂದೋರನ್ನ ಕಚ್ಚಿದೆ ಅಂದ್ಲು. ತಪ್ಪಿಸ್ಕೊಳ್ಳೋಕೆ ಹೇಳಿದ್ದೇ ಇರ್ಬೋದು, ಆದ್ರೂ ಅರ್ಧ ನಿಜ.

ನಮ್ ಪಂಚಾಯ್ತಿಗಳಲ್ಲಿ ಉಲ್ಟಾ, ಅಧ್ಯಕ್ಷೆ ಹೆಂಡ್ತಿ, ಕಾರುಬಾರು ಗಂಡಂದು. ಅದೂ ಸರಿ ಅಲ್ಲ, ಆದ್ರೆ ಇಲ್ಲಿ ಎಲೆಕ್ಷನ್ ಅಂತ ಒಂದಿದೆ.

ಇಮೆಲ್ಡಾ ಕಥೆ ಮಾತ್ರ ಹಂಗೆ ಮುಗೀಲಿಲ್ಲ. 1986ರಲ್ಲಿ ಗಂಡನ ಜೊತೆ ಓಡಿಹೋದೋಳು 1991ರಲ್ಲಿ ವಾಪಸ್ ಬಂದ್ಲು, ಎಲೆಕ್ಷನ್ ಗೆದ್ಲು, 2018ರಲ್ಲಿ ಭ್ರಷ್ಟಾಚಾರದ ಕೇಸಲ್ಲಿ ಶಿಕ್ಷೆ ಆದ್ರೂ ಬೇಲ್ ಸಿಕ್ತು, 2022ರಲ್ಲಿ ಮಗನೇ ಪ್ರೆಸಿಡೆಂಟ್, ಅದೂ ಜನ ಓಟು ಹಾಕಿ.