ಎಂಟೂವರೆ ಸೆಂಟಿಮೀಟರ್ ಬೂತಾಯಿ

ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಮೀನು ಅಳೆಯುವುದು ನನ್ನ ಕೆಲಸ. ಏಲಂ ಶುರುವಾಗುವ ಮೊದಲೇ ಅಲ್ಲಿರಬೇಕು. ಬೋಟಿನಿಂದ ಇಳಿಸಿದ ಬುಟ್ಟಿಯಿಂದ ಒಂದಿಷ್ಟು ಮೀನು ತೆಗೆದು, ಸ್ಕೇಲ್ ಅಂಟಿಸಿದ ಹಲಗೆ ಮೇಲಿಟ್ಟು, ಮೂತಿಯಿಂದ ಬಾಲದ ತುದಿವರೆಗೆ ಅಳೆದು ಬರೆಯುತ್ತೇನೆ. ವಾರಕ್ಕೊಮ್ಮೆ ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಬರುವ ಲೋಡನ್ನೂ ನೋಡಬೇಕು.

ಒಂದು ಸೆಪ್ಟೆಂಬರ್‌ನಲ್ಲಿ ಹಾಗೆ ಹೋದಾಗ ಲಾರಿ ತುಂಬ ಬೂತಾಯಿ (ಸಾರ್ಡೀನ್) ಮರಿ. ಅಳೆದೆ. ಎಂಟೂವರೆ, ಎಂಟು, ಒಂಬತ್ತು ಸೆಂಟಿಮೀಟರ್. ಒಂದೇ ಬೊಗಸೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಬಂದವು. ಹೊಟ್ಟೆ ಅಮುಕಿದರೆ ಮೊಟ್ಟೆಯ ಸುಳಿವೇ ಇಲ್ಲ. ಬೂತಾಯಿ ಮೊಟ್ಟೆ ಇಡುವಷ್ಟು ಬೆಳೆಯುವುದು ಸುಮಾರು ಹದಿನೈದು ಸೆಂಟಿಮೀಟರ್ ಆದ ಮೇಲೆ. ಇವು ಒಂದು ಸಲವೂ ಮರಿ ಮಾಡದೆ ಪುಡಿಯಾಗುವವು.

ಎಲ್ಲಿಂದ ತಂದಿರಿ ಎಂದು ಡ್ರೈವರ್‌ನ ಕೇಳಿದೆ. ತಲಪಾಡಿ ದಾಟಿ ಬಂದಿದ್ದು ಎಂದರು, ಅಂದರೆ ಗಡಿಯಾಚೆ ಕೇರಳದಿಂದ.

ಆಗ ನನ್ನ ತಪ್ಪು ಹೊಳೆಯಿತು. ಫಾರಂನಲ್ಲಿ 'ಹಿಡಿದ ಜಾಗ' ಎಂದು ಒಂದು ಕಾಲಂ ಇದೆ. ತಿಂಗಳುಗಟ್ಟಲೆ ಯಾರನ್ನೂ ಕೇಳದೆ ಅಲ್ಲಿ ಮಂಗಳೂರು ಎಂದೇ ತುಂಬಿಸಿದ್ದೆ. ಕೇರಳದಲ್ಲಿ 2015ರಿಂದ 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ ಹಿಡಿಯುವಂತಿಲ್ಲ. ಅಲ್ಲಿ ಮಾರಲಾಗದ ಮರಿ ಮೀನು ಗಡಿ ದಾಟಿ ಇಲ್ಲಿಗೆ ಬಂದರೆ, ಅವರ ಬಂದರಿನ ಲೆಕ್ಕ ಚೊಕ್ಕ, ನಮ್ಮ ಲೆಕ್ಕ ಕೆಟ್ಟದ್ದು. ನಿಜ ಹೇಳಬೇಕೆಂದರೆ ಎರಡೂ ಸುಳ್ಳು. ಆ ಸುಳ್ಳಿನಲ್ಲಿ ನನ್ನ ಕೈಬರಹವೂ ಇತ್ತು ಎಂಬುದು ಇವತ್ತಿಗೂ ಚುಚ್ಚುತ್ತದೆ.

ಕೇರಳದವರನ್ನೇ ದೂರುವುದು ಸರಿಯಲ್ಲ. ಅಳತೆಯ ನಿಯಮವನ್ನು ಮೊದಲು ತಂದವರೇ ಅವರು. ನಮ್ಮ ಬೋಟುಗಳು ಗೋವಾ, ಮಹಾರಾಷ್ಟ್ರದ ಕಡೆ ಹೋದಾಗ ಅಲ್ಲಿನವರಿಗೂ ಇದೇ ಸಂಕಟ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ ಕಾನೂನು, ಅದರಾಚೆ ಕೇಂದ್ರದ್ದು. ಮಳೆಗಾಲದಲ್ಲಿ ಮೀನು ಹಿಡಿಯದ ರಜೆಯನ್ನೇ ನೋಡಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಕೇರಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್‌ಬೋಟಿಗೆ 52 ದಿನ, ಶುರುವಾಗುವುದು ಜೂನ್ 9ರ ನಡುರಾತ್ರಿಗೆ. ನಡುವಿನ ಆ ದಿನಗಳಲ್ಲಿ ದಕ್ಕೆಗೆ ಹೋದರೆ ಬೋಟಿನವರು ಕೇಳುವುದು ಒಂದೇ ಮಾತು: "ನಾವು ಹಗ್ಗ ಕಟ್ಟಿ ಕೂತಿದ್ದೇವೆ, ಅಲ್ಲಿ ಹಿಡೀತಾ ಇದ್ದಾರೆ, ಮೀನೇನು ಬೇರೆ ಬೇರೆಯಾ?" ಸುಮ್ನೆ ತಲೆ ಆಡಿಸಿ ಬರುತ್ತೇನೆ. ಅವರು ಕೇಳುವುದರಲ್ಲಿ ನ್ಯಾಯವಿದೆ.

2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,500 ಟನ್ ಕೂಡ ಇಲ್ಲ. ಎಲ್ಲವೂ ಬಲೆಯ ತಪ್ಪಲ್ಲ, ಸಮುದ್ರದ ಬಿಸಿ, ಮಳೆ, ನೀರಿನ ಏರಿಳಿತ ಎಲ್ಲವೂ ಸೇರಿದೆ. ಮಳೆ ನಮ್ಮ ಕೈಲಿಲ್ಲ. ಮರಿ ಹಿಡಿಯದೆ ಬಿಡುವುದು ಕೈಲಿದೆ, ಅಲ್ವಾ? ಅದೂ ಒಂದು ರಾಜ್ಯ ಬಿಟ್ಟು ಇನ್ನೊಂದು ಹಿಡಿದರೆ ಏನು ಬಂತು?

ಈಗ ಲೋಡ್ ಬಂದರೆ ಮೊದಲು ಕೇಳುವುದು ಎಲ್ಲಿಂದ ಎಂದು. ಹೇಳದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯುತ್ತೇನೆ. ಕಾಸರಗೋಡಿನಲ್ಲಿ ಇದೇ ಕೆಲಸ ಮಾಡುವ ಒಬ್ಬರ ನಂಬರ್ ಪಡೆದಿದ್ದೇನೆ. ಶನಿವಾರ ಸಂಜೆ ಅವರು ತಮ್ಮ ಅಳತೆ ಓದುತ್ತಾರೆ, ನಾನು ನನ್ನದು. ಅವರು 'ಮತ್ತಿ' ಅಂದರೆ ನಾನು ಬೂತಾಯಿ ಎಂದು ಬರೆದುಕೊಳ್ಳುತ್ತೇನೆ. ಹೋದ ವಾರ ಇಬ್ಬರ ಪಟ್ಟಿಯಲ್ಲೂ ಒಂಬತ್ತು ಸೆಂಟಿಮೀಟರ್‌ನವೇ ಜಾಸ್ತಿ.